ತಂಗಳು ಕೇಳಬಾರದು

ಆ ಊರಿಗೆ ನಾನು ಹೋದದ್ದು ಹೊಟ್ಟೆಯ ದೆಸೆಯಿಂದ. ನಮ್ಮೂರಿನಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ಅದರ ಮೇಲಿನ ಕೋಣೆಯಲ್ಲಿ ವಾಸ, ಎದುರಿನ ಮೆಸ್ಸಿನಲ್ಲಿ ಊಟ. ಮೆಸ್ಸಿನವನು ಎಲ್ಲವನ್ನೂ ಕುದಿಯುತ್ತಿರುವಾಗಲೇ ತಂದು ಬಡಿಸುವವನು. ಇಷ್ಟು ವರ್ಷ ಅದನ್ನು ತಿಂದು ನನ್ನ ಎದೆಯಿಂದ ಕೆಳಗೆ ಸದಾ ಉರಿ. ಡಾಕ್ಟರು ಮಾತ್ರೆ ಬರೆದು ಬರೆದು ಬೇಸತ್ತು, ಸ್ವಲ್ಪ ದಿನ ಸಮುದ್ರದ ಕಡೆ ಹೋಗಿ ಬನ್ನಿ ಓಬಳೇಶ್, ಮನೆಯವರನ್ನೂ ಕರೆದುಕೊಂಡು ಹೋಗಿ ಎಂದರು. ಮನೆಯವರು ಅಂತ ಯಾರೂ ಇಲ್ಲ ಎಂದೆ. ಒಬ್ಬನೇ ಮಗ, ಮದುವೆಯಾಗಲಿಲ್ಲ, ಅಪ್ಪ ಅಮ್ಮ ಹೋಗಿ ಬಹಳ ಕಾಲವಾಯಿತು. ಹೀಗೆಂದಾಗ ಜನ ಅಯ್ಯೋ ಪಾಪ ಅನ್ನುತ್ತಾರೆ. ನನಗೆ ಅದು ಹಿಡಿಸುವುದಿಲ್ಲ. ಸಂಬಂಧಿಕರಿರುವ ಗಿರಾಕಿಗಳನ್ನು ದಿನಾ ನೋಡುತ್ತೇನೆ. ಒಬ್ಬರಿಗೆ ಫ್ರೇಮು ಆರಿಸುವುದಕ್ಕೆ ಮನೆಮಂದಿಯೆಲ್ಲ ಬಂದು, ಜಗಳವಾಡಿ, ಏನೂ ಕೊಳ್ಳದೆ ಹೋಗುತ್ತಾರೆ.

ಊರಿನ ಹೆಸರು ಬಸ್ಸಿನ ಬೋರ್ಡಿನಲ್ಲಿ ಇರಲಿಲ್ಲ. ಸಮುದ್ರ ಕಾಣುವ ಕಡೆ ಇಳಿಸು ಎಂದವರನ್ನೆಲ್ಲ ಕಂಡಕ್ಟರ್ ಅಲ್ಲಿ ಇಳಿಸುತ್ತಾನಂತೆ. ಇಳಿದಲ್ಲಿಂದ ಮರಳು ದಾರಿ, ದಾರಿಯ ತುದಿಯಲ್ಲಿ ಒಂದು ಗೇರುಮರ, ಮರಕ್ಕೆ ಒರಗಿಸಿದ ಒಡೆದ ದೋಣಿಯ ಹಲಗೆಯ ಮೇಲೆ ‘ಹೋಮ್‌ಸ್ಟೇ’ ಎಂದು ಬಣ್ಣದಲ್ಲಿ ಬರೆದಿತ್ತು. ಹಿಂದೆ ಕೆಂಪು ಕಲ್ಲಿನ ಮನೆ. ಬಾಗಿಲು ಗಿಡ್ಡ. ಮೊದಲ ಹೆಜ್ಜೆಗೇ ಮೇಲಿನ ಅಡ್ಡಪಟ್ಟಿ ಹಣೆಗೆ ಬಡಿದು ಕಣ್ಣು ಕತ್ತಲೆ ಬಂತು. ಒಳಗಿನಿಂದ ಬಂದ ಹೆಂಗಸು, “ತಲೆ ಜಾಗ್ರತೆ ಸರ್” ಎಂದರು, ಬಡಿದ ಮೇಲೆ. ಹೊಸಬರು ಎಲ್ಲರೂ ಹೊಡೆದುಕೊಳ್ಳುತ್ತಾರೆ, ಮನೆಯವರಿಗೆ ಮಾತ್ರ ಆಗುವುದಿಲ್ಲ ಎಂದು ಸಮಾಧಾನವನ್ನೂ ಹೇಳಿದರು. ಅವರೇ ವಾರಿಜಕ್ಕ, ಮನೆಯ ಯಜಮಾನಿ. ಗಂಡ ತೀರಿಹೋದ ಮೇಲೆ ಮುಂದಿನ ಕೋಣೆಯನ್ನು ಬಾಡಿಗೆಗೆ ಕೊಡುತ್ತಿದ್ದರು. ಮನೆಯಲ್ಲಿ ಅವರು, ಮಗಳು ಹರಿಣಾಕ್ಷಿ, ಅಷ್ಟೇ.

ನನ್ನ ಕೋಣೆಯ ಗೋಡೆಯ ಮೇಲೆ ನಿಯಮಗಳನ್ನು ಬರೆದಿದ್ದರು. ಕುಡಿಯಬಾರದು. ಒದ್ದೆ ಕಾಲಲ್ಲಿ ಹಾಸಿಗೆ ಹತ್ತಬಾರದು. ಮರಳು ಒಳಗೆ ತರಬಾರದು. ತಂಗಳು ಕೇಳಬಾರದು. ಕೊನೆಯದನ್ನು ಓದಿ ಶುಚಿಯ ವಿಷಯದಲ್ಲಿ ಕಟ್ಟುನಿಟ್ಟಿನ ಜನ ಎಂದುಕೊಂಡೆ. ಹಿಂದಿನ ದಿನದ ಅನ್ನ ತಿಂದು ಯಾರೋ ಹೊಟ್ಟೆ ಕೆಡಿಸಿಕೊಂಡಿರಬೇಕು.

ಬೆಳಿಗ್ಗೆ ನೀರುದೋಸೆ ಬಂತು, ಹಬೆಯಾಡುತ್ತಾ. ಮರುದಿನ ಅಕ್ಕಿ ಉಂಡೆಯ ಪುಂಡಿ, ಅದೂ ಹಬೆಯಾಡುತ್ತಾ. ತಣಿಯಲಿ ಎಂದು ಬಿಟ್ಟರೆ ವಾರಿಜಕ್ಕ ಅದನ್ನು ಎತ್ತಿಕೊಂಡು ಹೋಗಿ ಬೇರೆ ಬಿಸಿ ತಂದಿಡುತ್ತಿದ್ದರು. ಸಮುದ್ರದ ಗಾಳಿಯಿಂದ ಬಂದ ಲಾಭವೆಲ್ಲ ಹೀಗೆ ತಿಂಡಿಯಲ್ಲಿ ಹೋಗುತ್ತಿತ್ತು. ಚಿಕ್ಕಂದಿನಲ್ಲಿ ನನ್ನ ತಾಯಿ ಕೊಡುತ್ತಿದ್ದ ತಂಗಳನ್ನ, ಮಜ್ಜಿಗೆ, ಕಚ್ಚಿಕೊಳ್ಳಲು ಈರುಳ್ಳಿ ನೆನಪಾಯಿತು. ಅವರ ಅಡುಗೆಮನೆಯಲ್ಲಿ ರಾತ್ರಿ ನೀರು ಹಾಕಿಟ್ಟ ಕುಚ್ಚಲಕ್ಕಿ ಅನ್ನದ ಮಡಕೆ ಇದ್ದದ್ದು ಕಣ್ಣಿಗೆ ಬಿದ್ದಿತ್ತು. ತಾಯಿ ಮಗಳು ಬೆಳಿಗ್ಗೆ ತಿನ್ನುತ್ತಿದ್ದದ್ದು ಅದನ್ನೇ. ಅದರಲ್ಲೇ ಸ್ವಲ್ಪ ನನಗೂ ಕೊಡಿ ಎಂದೆ. ವಾರಿಜಕ್ಕ ಮಡಕೆಯ ಮೇಲೆ ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ಕಲ್ಲು ಇಟ್ಟರು.

ಕಾರಣ ಹೇಳಿದವರು ಪಕ್ಕದ ಮನೆಯ ದೂಮಪ್ಪ. ಮೊದಲು ಕಡವಿನಲ್ಲಿ ದೋಣಿ ದಾಟಿಸುತ್ತಿದ್ದವರು, ಈಗ ಸೇತುವೆ ಬಂದ ಮೇಲೆ ಕಂಡವರ ಜಗಲಿಯಲ್ಲಿ ಕೂತು ಹೊತ್ತು ದಾಟಿಸುತ್ತಾರೆ. “ಇಲ್ಲಿ ತಂಗಳು ತಿಂದವ ಮನೆಯವ ಸರ್. ಬೇರೆ ಎಂತದೂ ಇಲ್ಲ” ಎಂದರು. ಮನೆಯಲ್ಲಿ ಯಾವ ಜಾಗ ಖಾಲಿ ಇದೆಯೋ ತಿಂದವನು ಆ ಜಾಗಕ್ಕೆ ಹೋಗುತ್ತಾನೆ. ಸತ್ತವರದ್ದೇ ಆಗಬೇಕೆಂದಿಲ್ಲ, ಮುನಿಸಿಕೊಂಡು ಹೋದವರದ್ದೂ ಖಾಲಿಯೇ. ಹಾಗಾಗಿ ಆ ಊರಿನಲ್ಲಿ ಭಿಕ್ಷುಕರಿಗೂ ಬಿಸಿ ಅನ್ನವೇ. ಅವರು ಊದಿಕೊಂಡು ತಿಂದು ಒಂದು ಬೀದಿ ಮುಗಿಸುವಷ್ಟರಲ್ಲಿ ಮಧ್ಯಾಹ್ನವಾಗುತ್ತದೆ. ಬೀದಿನಾಯಿಗೆ ಮಿಕ್ಕಿದ್ದನ್ನು ಹಾಕಬೇಕಾದರೆ ಮನೆಯವರೆಲ್ಲ ಮೊದಲು ಕೂತು ಮಾತಾಡಿಕೊಳ್ಳುತ್ತಾರೆ. ಹಿಂದೊಮ್ಮೆ ಮೇಷ್ಟರ ಮನೆಗೆ ಬಂದ ಕಳ್ಳನೊಬ್ಬ ಮಡಕೆ ಖಾಲಿ ಮಾಡಿದ್ದಕ್ಕೆ ಬೆಳಗಾಗುವಾಗ ಕಿರಿಮಗನಾಗಿದ್ದನಂತೆ. ಅವತ್ತಿನಿಂದ ಮೇಷ್ಟರು ಅವನಿಗೆ ಒಂದು ಕೆಲಸ ಹುಡುಕಿಕೋ ಎಂದು ಬೈಯುತ್ತಲೇ ಇದ್ದಾರೆ.

ಕರಾವಳಿಯವರು ಘಟ್ಟದ ಮೇಲಿನವರನ್ನು ಹೀಗೇ ಮಂಗ ಮಾಡುತ್ತಾರೆ ಎಂದುಕೊಂಡು ನಕ್ಕೆ. ದೂಮಪ್ಪ ನಗಲಿಲ್ಲ. ನನ್ನನ್ನು ಎಬ್ಬಿಸಿಕೊಂಡು ಮೀನು ಮಾರ್ಕೆಟ್ಟಿನ ಹಿಂದಿನ ಒಂದು ಮನೆಗೆ ಕರೆದೊಯ್ದರು. ಅಲ್ಲಿ ಬ್ಯಾಂಕಿನ ಮ್ಯಾನೇಜರೊಬ್ಬರು ಅಜ್ಜಿಯಾಗಿದ್ದಾರೆ. ರಜೆಗೆಂದು ಬಂದು, ಸಮುದ್ರದಲ್ಲಿ ಮಿಂದು, ಹಸಿವು ತಡೆಯಲಾಗದೆ ತಿಂದವರು. ಮೀಸೆ ಇದೆ, ಪ್ಯಾಂಟು ಇದೆ, ಜಗಲಿಯ ಮೂಲೆಯಲ್ಲಿ ಕೂತು ಎಲೆ ಅಡಿಕೆ ಕುಟ್ಟುತ್ತಾ ಸಾರಿಗೆ ಹುಳಿ ಸಾಲದೆಂದು ಗೊಣಗುತ್ತಿದ್ದರು. ಸೊಸೆ ಅವರನ್ನು ಅತ್ತೆ ಎಂದೇ ಕರೆಯುತ್ತಾಳೆ. ಮೊದಲಿನ ಅತ್ತೆಗಿಂತ ಇವರೇ ವಾಸಿ, ಪೇಪರ್ ಓದಿ ಹೇಳುತ್ತಾರೆ ಎಂದಳು. ನಾನು ನಮಸ್ಕಾರ ಎಂದೆ. ಮ್ಯಾನೇಜರು ನನ್ನನ್ನು ನೋಡಿ, ಮದುವೆ ಆಗಿದೆಯಾ ಮಗಾ ಎಂದು ಕೇಳಿದರು.

ನಾನು ಹೋದ ಸಮಯಕ್ಕೆ ಸರಿಯಾಗಿ ಹರಿಣಾಕ್ಷಿಯ ಮದುವೆ ಹತ್ತಿರ ಬಂದಿತ್ತು. ಐಸ್ ಪ್ಲಾಂಟಿನಲ್ಲಿ ಕೆಲಸ ಮಾಡುವ ಹುಡುಗಿ, ದಪ್ಪ ಗಾಜಿನ ಕನ್ನಡಕ, ಮಾತು ಕಡಿಮೆ. ಹುಡುಗ ಅವಳೇ ಮೆಚ್ಚಿದವನು. ಎಲ್ಲ ಸರಿಯಾಗಿತ್ತು, ಒಂದನ್ನು ಬಿಟ್ಟು: ಸೋದರಮಾವ. ಸೋದರಮಾವ ಕೈಹಿಡಿದು ಮಂಟಪಕ್ಕೆ ಕರೆತಾರದ ಹುಡುಗಿಗೆ ನಮ್ಮಲ್ಲಿ ಧಾರೆ ಎರೆಯುವುದಿಲ್ಲ ಎಂದು ಹುಡುಗನ ದೊಡ್ಡಪ್ಪ ಖಡಾಖಂಡಿತವಾಗಿ ಹೇಳಿದ್ದರು. ಹುಡುಗಿಗೆ ಮಾವನಿಲ್ಲವೆಂದಲ್ಲ, ಇದ್ದಾನೆ. ವಾರಿಜಕ್ಕನ ಅಣ್ಣ ಭೋಜ, ಇದೇ ಮನೆಯಲ್ಲಿ ಹುಟ್ಟಿ ಬೆಳೆದವನು. ಮೇಲಿನ ಬಂದರಿನಲ್ಲಿ ದೋಣಿಗಳ ಇಂಜಿನ್ ರಿಪೇರಿ ಮಾಡುತ್ತಾನೆ. ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಬಂದವನು ಬಂದ ದಾರಿಯಲ್ಲೇ ತಿರುಗಿ ಹೋಗಿದ್ದ, ಆಮೇಲೆ ಈ ಕಡೆ ತಲೆ ಹಾಕಿರಲಿಲ್ಲ. ಗಡಿಯಲ್ಲಿದ್ದ ಹಲಸಿನ ಮರವನ್ನು ದೋಣಿಯ ಹಲಗೆಗೆ ಕಡಿಯುತ್ತೇನೆ ಎಂದಿದ್ದನಂತೆ, ಈಕೆ ಬೇಡ ಎಂದಿದ್ದರಂತೆ. ಅದಕ್ಕೇ ಸಿಟ್ಟು ಎಂದು ಊರೆಲ್ಲ ನಂಬಿತ್ತು. ಮದುವೆಗೆ ಕರೆಯಲು ವೀಳ್ಯದ ಜೊತೆ ದೂಮಪ್ಪನನ್ನು ಕಳಿಸಿದ್ದರು. ಭೋಜ ಇಂಜಿನಿನ ಅಡಿಯಿಂದ ಮುಖ ಹೊರಗೆ ಹಾಕಲಿಲ್ಲ. ಅವನ ಕಂಚಿನ ಬಟ್ಟಲು ಅಡುಗೆಮನೆಯ ಹಲಗೆಯ ಮೇಲೆ ಕವುಚಿಕೊಂಡೇ ಇತ್ತು. ವಾರಿಜಕ್ಕ ಅದನ್ನು ದಿನಾ ಒರೆಸುವುದನ್ನು ನೋಡಿದ್ದೆ.

ಒಂದು ಬೆಳಿಗ್ಗೆ ತಾಯಿ ಮಗಳು ರವಿಕೆ ಹೊಲಿಸಲು ಕೊಟ್ಟಿದ್ದನ್ನು ತರಲು ಹೋದರು. ನನಗೆಂದು ಕೊಟ್ಟೆ ಕಡುಬನ್ನು ಹಬೆಯ ಪಾತ್ರೆಯಲ್ಲೇ ಮುಚ್ಚಿಟ್ಟಿದ್ದರು. ಮುಚ್ಚಳ ತೆಗೆದೆ. ಮುಖಕ್ಕೆ ಹಬೆ ಹೊಡೆಯಿತು. ಹಿಂದಿನ ದಿನದ ಎದೆಯುರಿ ಇನ್ನೂ ಇಳಿದಿರಲಿಲ್ಲ. ಮ್ಯಾನೇಜರರ ನೆನಪು ಬಾರದೆ ಇರಲಿಲ್ಲ, ಆದರೆ ಹೊಟ್ಟೆ ಉರಿಯುವಾಗ ಇನ್ನೊಬ್ಬರ ಉದಾಹರಣೆ ಎಷ್ಟು ಹೊತ್ತು ಕೆಲಸಕ್ಕೆ ಬರುತ್ತದೆ? ಮಡಕೆಯ ಮೇಲಿನ ಕಲ್ಲು ಎತ್ತಿದೆ. ಕೈಗೆ ಸಿಕ್ಕಿದ ಬಟ್ಟಲಿಗೆ ಬಗ್ಗಿಸಿಕೊಂಡೆ, ಅದು ಹಲಗೆಯ ಮೇಲೆ ಕವುಚಿದ್ದ ಕಂಚಿನದ್ದು. ಉಪ್ಪು, ಮಜ್ಜಿಗೆ, ಒಂದು ಮಾವಿನ ಮಿಡಿ. ತಿನ್ನುತ್ತಾ ತಿನ್ನುತ್ತಾ ಎದೆಯಿಂದ ಕೆಳಗೆ ತಣ್ಣಗೆ ಇಳಿದು ಹೋಗುವುದು ಗೊತ್ತಾಗುತ್ತಿತ್ತು. ಎರಡನೇ ಸಲವೂ ಬಗ್ಗಿಸಿಕೊಂಡೆ. ಬಟ್ಟಲು ತೊಳೆದು ಇದ್ದ ಹಾಗೇ ಕವುಚಿ ಇಟ್ಟೆ.

ವಾರಿಜಕ್ಕ ಬಂದವರೇ ಬಟ್ಟಲು ಒದ್ದೆಯಾಗಿರುವುದನ್ನು ನೋಡಿ ಅಡುಗೆಮನೆಯ ಹೊಸ್ತಿಲ ಮೇಲೆ ಕೂತುಬಿಟ್ಟರು. ತಿಂದ್ರಾ ಎಂದರು. ತಿಂದೆ ಎಂದೆ. ಸ್ವಲ್ಪವಾ ಎಂದರು. ಪೂರ್ತಿ ಎಂದೆ. ಅವರು ಬೈಯಲಿಲ್ಲ. ಗೋಡೆಯಾಚೆಗೆ ದೂಮಪ್ಪನನ್ನು ಕೂಗಿ ಕರೆದರು.

ಜಗಲಿಯಲ್ಲಿ ನನ್ನನ್ನು ಬೆಂಚಿನ ಮೇಲೆ ಕೂರಿಸಿದರು. ಅಕ್ಕಪಕ್ಕದವರು ಸೇರಿದರು. ಯಾವ ಜಾಗ ಎಂದು ಗೊತ್ತಾಗುವುದು ಮನೆಯ ಕಿರಿಯರ ಬಾಯಿಂದಂತೆ, ಅವರಿಗೆ ಕರೆಯುವ ಮಾತು ತಾನಾಗಿ ಬರುತ್ತದಂತೆ. ಆಗ ನನಗೆ ಒಂದು ವಿಷಯ ಹೊಳೆಯಿತು. ಈ ಮನೆಯಲ್ಲಿ ಖಾಲಿ ಇದ್ದ ಜಾಗ ಒಂದಲ್ಲ, ಎರಡು. ವಾರಿಜಕ್ಕನಿಗೂ ಅದೇ ಹೊಳೆದಿರಬೇಕು, ಅವರು ಕಂಬದ ಹಿಂದೆ ಸರಿದು ನಿಂತರು. ಹೆಂಗಸರಲ್ಲಿ ಯಾರೋ ಬಾಯಿಗೆ ಸೆರಗು ಒತ್ತಿಕೊಂಡರು. ಹರಿಣಾಕ್ಷಿ ನನ್ನೆದುರು ಬಂದು ನಿಂತಳು. ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ನೋಡಿದಳು.

“ಮಾವ, ಚಾ ಕುಡಿತೀರಾ?” ಎಂದಳು.

ಎಲ್ಲರೂ ಉಸಿರು ಬಿಟ್ಟರು. ವಾರಿಜಕ್ಕ ಬಿಟ್ಟ ಉಸಿರು ಬೇರೆಯವರದ್ದಕ್ಕಿಂತ ದೊಡ್ಡದಾಗಿತ್ತು. ಅಷ್ಟೊಂದು ಸಮಾಧಾನ ಪಡುವ ಅಗತ್ಯವೇನಿರಲಿಲ್ಲ ಅನ್ನಿಸಿತು.

ಗುಡುಗು ಸಿಡಿಲು ಏನೂ ಆಗಲಿಲ್ಲ. ಚಾ ಕುಡಿದೆ, ಒಳಗೆ ಹೋದೆ, ಬಾಗಿಲಲ್ಲಿ ತಲೆ ತಾನಾಗಿ ಬಗ್ಗಿತು. ಬಾವಿಯ ಹಗ್ಗ ಎಲ್ಲಿ ತೂಗುಹಾಕುತ್ತಾರೆ, ಹಿತ್ತಲ ಬಾಗಿಲಿನ ಚಿಲಕ ಯಾವ ಕಡೆ ಒತ್ತಿದರೆ ಬೀಳುತ್ತದೆ ಎಂಬುದೆಲ್ಲ ಗೊತ್ತಿತ್ತು. ವಾರಿಜಕ್ಕನ ಗದ್ದದ ಮೇಲಿನ ಹಳೆಯ ಗಾಯದ ಗುರುತನ್ನು ಬಂದ ದಿನದಿಂದ ನೋಡಿದ್ದೆ. ಈಗ ನೋಡಿದರೆ, ಲಂಗದ ಹುಡುಗಿಯೊಬ್ಬಳು ಗೇರುಮರದಿಂದ ಬಿದ್ದದ್ದು, ರಕ್ತ ಸೋರುವ ಅವಳನ್ನು ಹೆಗಲಿಗೆ ಹಾಕಿಕೊಂಡು ನಾನು ಮರಳಿನಲ್ಲಿ ಓಡಿದ್ದು, ಅವಳು ಅಳುವುದು ಬಿಟ್ಟು ನನ್ನ ಕಿವಿ ಎಳೆದು ಇನ್ನೂ ಜೋರಾಗಿ ಓಡು ಎಂದದ್ದು ನೆನಪಾಯಿತು. ಓಬಳೇಶನೂ ಹೋಗಿರಲಿಲ್ಲ. ಬೆಂಚಿನಲ್ಲಿ ಇನ್ನೊಬ್ಬರಿಗೆ ಜಾಗ ಕೊಟ್ಟು ಸ್ವಲ್ಪ ಸರಿದು ಕೂತ ಹಾಗೆ ಅಲ್ಲೇ ಇದ್ದ. ನಾನು ವಾರಿಜಕ್ಕನನ್ನು ವಾರಿಜ ಎಂದು ಕರೆದೆ. ಅವಳು ಏನಣ್ಣ ಎಂದಳು. ಇಬ್ಬರೂ ಬೇರೆ ಬೇರೆ ಕಡೆ ನೋಡಿದೆವು.

ದೂಮಪ್ಪ ಹುಡುಗನ ಮನೆಗೆ ಹೋಗಿ ಸೋದರಮಾವ ಸಿಕ್ಕಿದ ಎಂದು ಹೇಳಿಬಂದರು. ದೊಡ್ಡಪ್ಪ ಬಂದು ನೋಡಿ, ಸ್ವಲ್ಪ ಬಣ್ಣ ಕಪ್ಪಾಯಿತು, ಪರವಾಗಿಲ್ಲ ಎಂದರು. ಮರುದಿನ ಬೆಳಿಗ್ಗೆ ಚಪ್ಪರ ಹಾಕುವವರು ಬಂದರು. ಮನೆಯಲ್ಲಿ ಬಹಳ ಕಾಲದ ಮೇಲೆ ಗಲಾಟೆ. ವಾರಿಜ ನಸುಕಿನಲ್ಲೇ ಎದ್ದು ಅಕ್ಕಿ ರುಬ್ಬಿ ನೀರುದೋಸೆ ಹೊಯ್ದಳು. ನನ್ನನ್ನು ಜಗಲಿಯಲ್ಲಿ ಕೂರಿಸಿ, ಬಾಳೆಲೆ ಹಾಕಿ, ಕಾವಲಿಯಿಂದ ನೇರ ಎಲೆಗೆ ದೋಸೆ, ಮೇಲೆ ತುಪ್ಪ, ಪಕ್ಕದಲ್ಲಿ ಬೆಲ್ಲ ಕಾಯಿತುರಿ ಬಡಿಸಿದಳು. ಅವಳ ಮುಖ ಅರಳಿತ್ತು.

ನನಗೆ ಸಿಟ್ಟು ಬಂತು. ಎಲ್ಲಿಂದ ಎಂದು ಗೊತ್ತಾಗುವ ಮೊದಲೇ ಕುತ್ತಿಗೆಯವರೆಗೆ ಬಂದುಬಿಟ್ಟಿತ್ತು. ಎಲೆಯ ಮೇಲೆ ಹಬೆ ಏಳುತ್ತಿತ್ತು, ಅದನ್ನು ನೋಡಿದಷ್ಟೂ ಸಿಟ್ಟು. ಯಾರದ್ದೋ ದನಿಯಲ್ಲಿ, ಅಂದರೆ ನನ್ನದೇ ಬಾಯಿಂದ, “ನನಗೆ ಬಿಸಿ ಬಡಿಸ್ತೀಯಾ ನೀನು?” ಎಂದು ಬಂತು. ಎಲೆ ಮುಟ್ಟದೆ ಎದ್ದೆ. ಮದುವೆಗೂ ಇಲ್ಲ, ಏನಕ್ಕೂ ಇಲ್ಲ ಎಂದೆ. ಚಪ್ಪರದವರು ಕಂಬ ಹಿಡಿದುಕೊಂಡೇ ನಿಂತರು. ವಾರಿಜ ಕೈಯಲ್ಲಿ ದೋಸೆ ಎಬ್ಬಿಸುವ ಸಟ್ಟುಗ ಹಿಡಿದು ಏನೂ ತಿಳಿಯದೆ ನೋಡುತ್ತಿದ್ದಳು. ನಾನು ದೋಣಿ ಕಟ್ಟುವ ದಕ್ಕೆಗೆ ಹೋಗಿ ಅದರ ತುದಿಯಲ್ಲಿ ಕಾಲು ಇಳಿಬಿಟ್ಟು ಕೂತೆ.

ಅಂಗಡಿಯವನಾದ ನಾನು ಸಿಟ್ಟನ್ನು ದಿನವಿಡೀ ನುಂಗುವವನು. ಇಂಥ ದಪ್ಪ, ಗಟ್ಟಿ, ಒಳ್ಳೆಯ ಸಿಟ್ಟು ನನಗೆ ಸ್ವಂತದ್ದಾಗಿ ಎಂದೂ ಬಂದಿರಲಿಲ್ಲ. ಹೆದರಿಕೆಯ ಜೊತೆಗೆ ಸ್ವಲ್ಪ ಹೆಮ್ಮೆಯೂ ಆಯಿತು. ದೂಮಪ್ಪ ಹಿಂದೆಯೇ ಬಂದರು. ದೂರದಲ್ಲಿ ನಿಂತು, ಹಲಸಿನ ಮರವನ್ನು ಇವತ್ತೇ ಕಡಿಸಿ ಹಲಗೆ ಮಾಡಿಸಿ ಬಂದರಿಗೆ ಕಳಿಸುವುದಾಗಿ ವಾರಿಜ ಹೇಳಿದ್ದಾಳೆ ಎಂದರು.

“ಮರಕ್ಕಾಗಿ ಯಾರಾದ್ರೂ ತಂಗಿಯನ್ನ ಬಿಡ್ತಾರಾ ದೂಮಣ್ಣ?” ಎಂದೆ.

ಅವರು ಮನೆಯ ಕಡೆ ಓಡಿದರು. ಆ ವಯಸ್ಸಿಗೆ ಅಷ್ಟು ಓಡಬಾರದು.

ವಾರಿಜ ಬಂದು ಹಗ್ಗ ಸುತ್ತುವ ಗೂಟದ ಆಚೆ ಕೂತಳು. ಮರಕ್ಕಲ್ಲದಿದ್ದರೆ ಎಂತಕ್ಕೆ ಎಂದು ಕೇಳಿದಳು. ನನ್ನೊಳಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಅದು ಹೇಳುತ್ತಾ ಹೋದಂತೆ ನನಗೂ ಗೊತ್ತಾಗುತ್ತಿತ್ತು. ಬಂದರಿಗೆ ಹೋದ ಮೊದಲ ವರ್ಷ. ಮಳೆಗಾಲವಿಡೀ ಊರ ಕಡೆ ಬರಲಾಗಿರಲಿಲ್ಲ. ಬಿಡುವಾದ ಕೂಡಲೇ ಮೊದಲ ಬಸ್ಸು ಹಿಡಿದು ಹೊರಟಿದ್ದೆ, ಹಸಿದುಕೊಂಡು, ಬೇಕೆಂದೇ ದಾರಿಯಲ್ಲಿ ಏನೂ ತಿನ್ನದೆ. ಮನೆಗೆ ಹೋಗಿ ನನ್ನ ಬಟ್ಟಲಲ್ಲಿ ತಂಗಳು ತಿನ್ನಬೇಕು ಎಂಬುದೊಂದೇ ಯೋಚನೆ. ಬಂದು ಅಡುಗೆಮನೆಯಲ್ಲಿ ನನ್ನ ಜಾಗದಲ್ಲಿ ಕೂತರೆ ನೀನು ನನ್ನನ್ನು ಎಬ್ಬಿಸಿ ಜಗಲಿಗೆ ಕಳಿಸಿದೆ. ಎಲೆ ಹಾಕಿದೆ. ಬಿಸಿ ದೋಸೆ ಬಡಿಸಿದೆ, ಬೀಸಣಿಗೆಯಲ್ಲಿ ಗಾಳಿ ಹಾಕಿದೆ. ನನ್ನ ಬಟ್ಟಲು ಹಲಗೆಯ ಮೇಲೆ ಕವುಚಿತ್ತು. ಒಂದು ಮಳೆಗಾಲಕ್ಕೇ ನಾನು ನೆಂಟನಾಗಿಬಿಟ್ಟೆ ಎಂದು ತಿಳಿಯಿತು. ನೆಂಟನ ಹಾಗೆಯೇ ಒಂದು ದೋಸೆ ತಿಂದು, ಬರುತ್ತೇನೆ ಎಂದು ಹೇಳಿ ಹೊರಟೆ. ನೀನು ತಡೆಯಲೂ ಇಲ್ಲ.

ವಾರಿಜ ಗೂಟದ ಹಗ್ಗದಿಂದ ಒಂದು ಎಳೆ ಬಿಡಿಸಿ ಬೆರಳಿಗೆ ಸುತ್ತಿಕೊಂಡಳು. ಕೆಳಗೆ ನೀರು ದಕ್ಕೆಯ ಕಂಬಗಳಿಗೆ ತಾಗುತ್ತಿತ್ತು.

“ಸೊರಗಿ ಬಂದಿದ್ದೆ ಅಣ್ಣ ನೀನು. ದೂರದಿಂದ ಬಂದವನಿಗೆ ನಿನ್ನೆಯ ಅನ್ನ ಹಾಕುದು ಹೇಗೆ ಅಂತ ಎದ್ದು ರುಬ್ಬಿದ್ದು. ತಂಗಳು ತಿಂದವ ಮನೆಯವ ಅಂತ ಗೊತ್ತಿತ್ತು. ಬಿಸಿ ತಿಂದವ ಹೊರಗಿನವ ಆಗ್ತಾನೆ ಅಂತ ನಂಗೆ ಹೊಳೀಲೇ ಇಲ್ಲ ಮಾರಾಯ.”

ಎದ್ದು ಹೋದಳು. ಮತ್ತೆ ಬರುವಾಗ ಕೈಯಲ್ಲಿ ಕಂಚಿನ ಬಟ್ಟಲಿತ್ತು. ಅದಕ್ಕೆ ಏನನ್ನೂ ಮುಚ್ಚಿರಲಿಲ್ಲ. ಊರಿನ ಬೀದಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ, ನಿನ್ನೆಯ ಅನ್ನವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದಿದ್ದಳು. ಬಾಗಿಲುಗಳಲ್ಲಿ ಜನ ನಿಂತಿದ್ದರು. ನಾನು ತಿಂದೆ. ಅರ್ಧ ಮುಗಿಯುವಷ್ಟರಲ್ಲಿ ಸಿಟ್ಟು, ಹಲ್ಲುನೋವು ಹೋದ ಹಾಗೆ, ಹೋಗಿದ್ದು ಗೊತ್ತಾಗದೆ ಹೋಗಿತ್ತು. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು, ಉಪ್ಪು ಸಾಕಾ ಎಂದು ಕೇಳಿದಳು.

ಅವತ್ತು ಸಂಜೆ ಮನೆ ತುಂಬ ಹೆಂಗಸರು. ಹರಿಣಾಕ್ಷಿ ಕನ್ನಡಕ ಹಿಡಿದುಕೊಂಡು ನನ್ನ ಹತ್ತಿರ ಬಂದಳು. ಅದರ ಒಂದು ಕಡ್ಡಿ ಸೊಟ್ಟಗಾಗಿತ್ತು. ಮದುವೆಯ ದಿನ ಕನ್ನಡಕ ಹಾಕಬೇಡ, ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲ ಎಂದು ಹುಡುಗನ ಕಡೆಯವರು ಹೇಳಿದ್ದಾರೆ, ಆದರೆ ಅದಿಲ್ಲದೆ ಹುಡುಗ ಯಾರು ದೊಡ್ಡಪ್ಪ ಯಾರು ಎಂದು ತನಗೆ ಗೊತ್ತಾಗುವುದಿಲ್ಲ ಎಂದಳು. ಬಿಸಿನೀರಿನಲ್ಲಿ ಕಡ್ಡಿ ಅದ್ದಿ ಮೆದು ಮಾಡಿ, ತಿದ್ದಿ, ಮೂಗಿನ ಮೇಲೆ ಕೂರಿಸಿ, ಕಿವಿಯ ಹಿಂದೆ ಒತ್ತಿ ನೋಡಿದೆ. ನಿನ್ನ ಮಾವ ಹಾಕು ಎಂದ ಅಂತ ಹೇಳು ಎಂದೆ. ಅವಳು ಸರಿ ಮಾವ ಎಂದಳು. ಆ ಊರಿನಲ್ಲಿ ಕನ್ನಡಕದ ಅಂಗಡಿ ಇರಲಿಲ್ಲ. ನನ್ನ ಅಂಗಡಿಯನ್ನು ಇಲ್ಲಿಗೇ ತಂದರೆ ಹೇಗೆ ಎಂದು ಯೋಚಿಸಿದೆ. ಬಸ್ ನಿಲ್ದಾಣದ ಹತ್ತಿರ ಖಾಲಿ ಕೋಣೆಯೊಂದಿತ್ತು. ಬೋರ್ಡು ಯಾವ ಬಣ್ಣದ್ದಿರಬೇಕು ಎಂದು ಕೂಡ ಯೋಚಿಸಿದೆ. ಸಂಬಂಧಿಕರ ಬಗ್ಗೆ ಮೊದಲು ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿಲ್ಲ, ಅದು ಗಿರಾಕಿಗಳ ವಿಷಯ. ನನಗೆ ಸಂತೋಷವಾಗಿತ್ತು. ಅಷ್ಟು ಸಂತೋಷ ನನಗೆ ಅಭ್ಯಾಸವಿರಲಿಲ್ಲ.

ಮದುವೆಯ ಬೆಳಿಗ್ಗೆ ಹೊಸ ಪಂಚೆ ಉಟ್ಟು ಜಗಲಿಯಲ್ಲಿ ನಿಂತಿದ್ದೆ. ಮೊದಲ ಬಸ್ಸು ಬಂದು ಹೋದ ಸದ್ದಾಯಿತು. ಮರಳು ದಾರಿಯಲ್ಲಿ ಒಬ್ಬ ಮನುಷ್ಯ ಬಂದ. ನರೆತ ತಲೆ, ಉಗುರುಗಳ ಸುತ್ತ ಹೋಗದ ಗ್ರೀಸು, ಕೈಯಲ್ಲಿ ಬಟ್ಟೆಯ ಚೀಲ. ಯಾರನ್ನೂ ಮಾತಾಡಿಸದೆ, ಬಾಗಿಲ ಕಡೆ ನೋಡದೆ ತಲೆ ಬಗ್ಗಿಸಿ ಒಳಗೆ ಹೋದ. ಒಳಗೆ ಅಡುಗೆಮನೆಯಲ್ಲಿ ಪಾತ್ರೆಯೊಂದು ಬಿದ್ದ ಸದ್ದು. ಆಮೇಲೆ ಮಡಕೆಯ ಮೇಲಿನ ಕಲ್ಲು ತೆಗೆದಿಟ್ಟ ಸದ್ದು.

ದೂಮಪ್ಪ ನನ್ನ ಪಕ್ಕದಲ್ಲಿ ನಿಂತು, ಸಿಟ್ಟು ಇದ್ದದ್ದು ಒಂದೇ ಅಲ್ವಾ ಸರ್, ಇಲ್ಲಿ ಇಳಿದ ಮೇಲೆ ಅಲ್ಲೂ ಇಳಿಯಿತು ಎಂದರು. ಸರ್ ಎಂದದ್ದನ್ನು ಗಮನಿಸಿದೆ. ಬಾವಿಯ ಹಗ್ಗ ಎಲ್ಲಿ ತೂಗುಹಾಕುತ್ತಾರೆ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಬರಲಿಲ್ಲ.

ಭೋಜ ಹೊರಗೆ ಬಂದು ನನ್ನ ಕೈ ಹಿಡಿದುಕೊಂಡ. “ನಿಮಗೆ ತೊಂದ್ರೆ ಆಯ್ತು” ಎಂದ. ಅವನ ತುಟಿಯ ಮೇಲೆ ಒಂದು ಅಗುಳು ಅಂಟಿಕೊಂಡಿತ್ತು. ತೊಂದರೆ ಏನಿಲ್ಲ ಎಂದೆ. ಒಳ್ಳೆಯ ಮನುಷ್ಯ. ಅವನ ಸಿಟ್ಟು ನನಗೆ ಪರಿಚಯವಿತ್ತು, ಅವನು ಪರಿಚಯವಿರಲಿಲ್ಲ.

ಹುಡುಗನ ಕಡೆಯವರ ಜೊತೆ ಚಪ್ಪರದಲ್ಲಿ ನನ್ನನ್ನು ಕೂರಿಸಿ ಎಲೆ ಹಾಕಿದರು. ಮದುಮಗಳಾದರೂ ಹರಿಣಾಕ್ಷಿ ಮನೆಯ ಪದ್ಧತಿಯಂತೆ ಮೊದಲ ಸಾಲಿಗೆ ಒಂದೊಂದು ದೋಸೆ ಬಡಿಸುತ್ತಾ ಬಂದಳು. ಕನ್ನಡಕ ಮೂಗಿನ ಮೇಲೆ ನೇರವಾಗಿ ಕೂತಿತ್ತು. ನನ್ನ ಎದುರು ನಿಂತು, “ಇನ್ನೊಂದು ಹಾಕ್ಲಾ ಸರ್?” ಎಂದಳು. ಸಾಕಮ್ಮ ಎಂದೆ. ದೋಸೆಯಿಂದ ಹಬೆ ಬರುತ್ತಿತ್ತು. ಭೋಜ ವರ್ಷಗಟ್ಟಲೆ ಹೊತ್ತುಕೊಂಡಿದ್ದ ವಿಷಯ ಆಗ ನನಗೆ ಎರವಲಾಗಿ ಅಲ್ಲ, ನನ್ನದಾಗಿಯೇ ಅರ್ಥವಾಯಿತು. ಆದರೆ ಎಲೆ ಬಿಟ್ಟು ಏಳುವ ಹಕ್ಕು ಅವನಿಗಿತ್ತು, ನನಗಿರಲಿಲ್ಲ. ತಿಂದೆ.

ಧಾರೆ ಮುಗಿಯಿತು. ಭೋಜ ಕೈಹಿಡಿದು ಕರೆತಂದದ್ದನ್ನು ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತು ನೋಡಿದೆ. ಅವಳು ಹುಡುಗನನ್ನು ಸರಿಯಾಗಿ ಗುರುತಿಸಿ ಅವನಿಗೇ ಮಾಲೆ ಹಾಕಿದಳು. ಊಟದ ಗದ್ದಲ ತಗ್ಗಿದ ಮೇಲೆ ನಾನು ಅಡುಗೆಮನೆಯ ಹೊಸ್ತಿಲ ಹತ್ತಿರ ಹೋದೆ. ವಾರಿಜಕ್ಕ ಪಾತ್ರೆ ಜೋಡಿಸುತ್ತಿದ್ದರು. ಗದ್ದದ ಮೇಲೆ ಹಳೆಯ ಗಾಯದ ಗುರುತೊಂದಿತ್ತು, ಯಾವುದರದ್ದೋ. ಮಡಕೆಯಲ್ಲಿ ತಂಗಳು ಸ್ವಲ್ಪ ಮಿಕ್ಕಿದ್ದು ಕಾಣುತ್ತಿತ್ತು. ಗೋಡೆಯ ಮೇಲಿನ ನಿಯಮ ಗೊತ್ತಿದ್ದೂ ಕೇಳಿದೆ.

ಅವರು ಮಡಕೆಯನ್ನು ನೋಡಿದರು, ನನ್ನನ್ನು ನೋಡಿದರು. ಬೇಸರ ಮಾಡಿಕೊಳ್ಳಲಿಲ್ಲ. “ಈಗ ಈ ಮನೆಯಲ್ಲಿ ಒಂದೇ ಜಾಗ ಖಾಲಿ ಉಂಟು ಸರ್” ಎಂದರು ಮೆತ್ತಗೆ. “ಅದು ಖಾಲಿಯೇ ಇರ್ಲಿ.”

ಹೌದು ಎಂದೆ. ಅವರು ಮಡಕೆಗೆ ತಟ್ಟೆ ಮುಚ್ಚಿದರು, ಕಲ್ಲು ಇಡಲಿಲ್ಲ. ನನ್ನ ಕೈಗೆ ಒಂದು ಪೊಟ್ಟಣ ಕೊಟ್ಟರು, ದಾರಿಗೆ ಎಂದು. ಅದು ಬೆಚ್ಚಗಿತ್ತು.

ಚೀಲ ಹೆಗಲಿಗೆ ಹಾಕಿಕೊಂಡೆ. ಜಗಲಿಯಲ್ಲಿ ಎಲ್ಲರೂ ಇದ್ದರು, ಭೋಜ, ದೂಮಪ್ಪ, ಹೊಸ ಮದುಮಕ್ಕಳು, ಮ್ಯಾನೇಜರು ಅಜ್ಜಿ ಕೂಡ. ಹೋಗಿಬರುತ್ತೇನೆ ಎಂದು ಎಲ್ಲರಿಗೂ ಹೇಳಬೇಕೆಂದು ಮುಖದ ಮೇಲೆ ಒಂದು ನಗು ತಂದುಕೊಂಡು ಒಳಗಿನಿಂದ ಹೊರಟೆ. ಬಾಗಿಲ ಅಡ್ಡಪಟ್ಟಿ ಹಣೆಗೆ ಬಡಿಯಿತು, ಬಂದ ದಿನಕ್ಕಿಂತ ಜೋರಾಗಿ. ಒಳಗಿನಿಂದ ವಾರಿಜಕ್ಕನ ದನಿ ಬಂತು: “ತಲೆ ಜಾಗ್ರತೆ ಸರ್.”

ಕಣ್ಣಲ್ಲಿ ನೀರು ಬಂತು, ನಿಲ್ಲಲಿಲ್ಲ, ಅಲ್ಲೇ ಜಗಲಿಯಲ್ಲಿ ನಿಂತು ಅತ್ತೆ. ತಲೆಗೆ ಪೆಟ್ಟು ಬಿದ್ದದ್ದನ್ನು ಎಲ್ಲರೂ ನೋಡಿದ್ದರಿಂದ ಯಾಕೆ ಎಂದು ಯಾರೂ ಕೇಳಲಿಲ್ಲ.